ಇಳಿಜಾರಿನಲ್ಲಿ ನಿಲ್ಲಿಸಿದ ಟ್ರಾಕ್ಟರ್

ತೋಟದ ಮನೆ
ಹದಿನೇಳನೇ ತಾರೀಖು, ಮಂಗಳವಾರ ಬೆಳಿಗ್ಗೆ

ನನ್ನ ಪ್ರೀತಿಯ ತಮ್ಮನಿಗೆ,

ಅಣ್ಣನ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟ ಕೈ ಮೊದಲನೇ ಅಕ್ಷರಕ್ಕೇ ನಿಂತುಬಿಟ್ಟಿತು. ನಿನ್ನ ಅತ್ತಿಗೆ ಕ್ಷೇಮ. ನಿಂಬೆ ಗಿಡಗಳು ಕ್ಷೇಮ. ನಾಯಿ ಮೂರು ಮರಿ ಹಾಕಿದೆ, ಅವೂ ಕ್ಷೇಮ. ನನ್ನ ಸಂಗತಿ ಮಾತ್ರ ನೀನು ಓದುತ್ತಾ ಹೋದರೆ ತಾನಾಗಿ ತಿಳಿಯುತ್ತದೆ.

ನಿನ್ನ ಪತ್ರ ಬಂದು ನಲವತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆದು ಕೆಲಸದ ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ನಿನ್ನ ಪತ್ರವನ್ನು ಓದಿ, ಮಡಚಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ದಿನಾ ಅದರ ಮುಂದೆಯೇ ಓಡಾಡಿಕೊಂಡಿದ್ದೆ. ನಿನ್ನ ಅತ್ತಿಗೆ ಕೇಳಿದಾಗಲೆಲ್ಲ ನಾಳೆ ಬರೆಯುತ್ತೇನೆ ಎನ್ನುತ್ತಿದ್ದೆ. ಬರೆಯಬೇಕೆಂದುಕೊಂಡಿದ್ದು ‘ಬೇಡ’ ಎನ್ನುವ ಒಂದೇ ಮಾತು. ಊರಿಗೆಲ್ಲ ಕೇಳುವಂಥ ಗಂಟಲಿರುವ ನಿನ್ನ ಅಣ್ಣನಿಗೆ ಆ ಎರಡು ಅಕ್ಷರ ಬರೆಯುವ ಎದೆ ಇರಲಿಲ್ಲ.

ನೀನು ಕೇಳಿದ್ದಾದರೂ ಎಷ್ಟು ಸಣ್ಣದು. ಲಾರಿ ತೂಗುವ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ, ತೂಕದ ಕಟ್ಟೆಗೆ ಇನ್ನು ಮನುಷ್ಯ ಬೇಡವಂತೆ, ಯಂತ್ರವೇ ಚೀಟಿ ಕೊಡುತ್ತದಂತೆ ಎಂದು ನೀನು ಬರೆದಿದ್ದೆ. ಅದರ ಕೆಳಗೆ, ಸ್ವಲ್ಪ ಜಾಗ ಬಿಟ್ಟು, “ನೀನು ಹೇಗೂ ಚಿಕ್ಕ ಟ್ರಾಕ್ಟರ್ ತಗೊಳ್ತಿದ್ದೀಯಂತೆ ಅಣ್ಣ. ಈಗ ಕ್ಲಚ್ ಇಲ್ಲದ್ದೂ ಬಂದಿದೆಯಂತೆ, ಬಲಗಾಲೊಂದೇ ಸಾಕಂತೆ. ಅಂಥದ್ದು ತಗೊಂಡ್ರೆ ನಾನೂ ಬಂದು ಓಡಿಸಬಹುದಾ?” ಅಷ್ಟೇ. ಎಡಗಾಲು ಹೋದ ಈ ಹನ್ನೊಂದು ವರ್ಷದಲ್ಲಿ ನೀನು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ನಾನು ಯಾಕೆ ಬೇಡ ಎನ್ನಲು ಹೊರಟಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಕಾರಣ ಒಂದು. ಗೇರ್ ಗಾಡಿಯ ಕೆಚ್ಚು ನೀನು ಹೇಳುವ ಆ ಕ್ಲಚ್ ಇಲ್ಲದ ಪೆಡಲ್ ಗಾಡಿಗೆ ಇಲ್ಲ. ಗೇರಿನಲ್ಲಿ ಎಂಜಿನ್ನಿನ ಶಕ್ತಿ ಹಲ್ಲಿಗೆ ಹಲ್ಲು ಕಚ್ಚಿ ನೆಟ್ಟಗೆ ಚಕ್ರಕ್ಕೆ ಇಳಿಯುತ್ತದೆ. ಪೆಡಲ್ ಗಾಡಿಯಲ್ಲಿ ಅದು ಎಣ್ಣೆಯ ಒತ್ತಡವಾಗಿ ಸುತ್ತಿ ಬಳಸಿ ಬರುವಷ್ಟರಲ್ಲಿ ಒಂದು ಪಾಲು ದಾರಿಯಲ್ಲೇ ಕರಗಿರುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. “ಅದು ಟ್ರಾಕ್ಟರಾ, ಹೊಲಿಗೆ ಯಂತ್ರವಾ?” ಎಂದು ಅಡುಗೆಮನೆಯ ತಗಡು ಅದುರುವ ಹಾಗೆ ಗುಡುಗಿದೆ. ನಿನ್ನ ಅತ್ತಿಗೆ, ನೀವು ಎಂದಾದರೂ ಹೊಲಿಗೆ ಯಂತ್ರ ನಡೆಸಿದ್ದೀರಾ ಎಂದು ಕೇಳಿ ಪಾತ್ರೆ ತೊಳೆಯಲು ಹೋದಳು.

ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕಾರಣ ಇನ್ನೊಂದು. ಇಳಿಜಾರಿನಲ್ಲಿ ಚಕ್ರಕ್ಕೆ ಒಂದು ಕಲ್ಲು ಕೊಡಲು ಮರೆತು ತನ್ನ ಕಾಲನ್ನೇ ಕಳೆದುಕೊಂಡವನ ಕೈಗೆ ಮತ್ತೆ ಟ್ರಾಕ್ಟರ್ ಕೊಡುವುದು ಹೇಗೆ? ತಮ್ಮಾ, ಇದನ್ನು ನಿನ್ನ ಮುಖಕ್ಕೇ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನೆ ಹನ್ನೊಂದು ಗಂಟೆಯವರೆಗೆ ನಾನು ಇದನ್ನು ದೇವರನ್ನು ನಂಬಿದಷ್ಟೇ ನಂಬಿದ್ದೆ.

ಈಗ ನಿನ್ನೆಯದನ್ನು ಕೇಳು.

ಗೇರ್ ಗಾಡಿಗೆ ಮುಂಗಡ ಕೊಟ್ಟು ಬರೋಣವೆಂದು ಹೊರಟೆ. ಇಂಥ ವ್ಯವಹಾರಕ್ಕೆಲ್ಲ ಎಂದೂ ಜೊತೆಗೆ ಬರದ ನಿನ್ನ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನೀನ್ಯಾಕೆ ಎಂದೆ. ನೋಡೋಕೆ ಎಂದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ನಾನೇ ಇಬ್ಬರ ಪಾಲಿನದನ್ನೂ ಆಡಿದೆ.

ಟ್ರಾಕ್ಟರ್ ಅಂಗಡಿ ಈಗ ಮೊದಲಿನ ಹಾಗಿಲ್ಲ. ಮುಂದೆ ಗಾಜಿನ ಕೋಣೆ, ಅದರೊಳಗೆ ತಣ್ಣನೆ ಗಾಳಿ. ಹಿಂದೆ ತಗಡಿನ ಚಪ್ಪರದ ಅಂಗಳ, ಹೊಸ ಟಯರಿನ ವಾಸನೆ, ಸಾಲಾಗಿ ನಿಂತ ಹನ್ನೆರಡು ಗಾಡಿ. ಅಂಗಳದ ಕೊನೆಗೆ ಸಿಮೆಂಟಿನ ಒಂದು ಏರು ಕಟ್ಟಿಸಿದ್ದಾರೆ, ಕೊಳ್ಳುವವರು ಹತ್ತಿಸಿ ಇಳಿಸಿ ನೋಡಲಿ ಎಂದು. ಅಲ್ಲಿ ಗಾಡಿ ತೋರಿಸುವವರು ಯಾರು ಗೊತ್ತೇ? ನಮ್ಮ ಗ್ರೀಸಜ್ಜ. ನಮ್ಮ ಹಳೇ ಗಾಡಿಗೆ ನಾಲ್ಕು ಸಲ ಕ್ಲಚ್ ಪ್ಲೇಟ್ ಹಾಕಿದ ಮೆಕ್ಯಾನಿಕ್ಕೇ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಉಗುರು ಮಾತ್ರ ಈಗಲೂ ಕಪ್ಪು. ನಿನ್ನ ಕ್ಷೇಮ ಕೇಳಿದರು.

ನಾನು ಏನು ಬೇಕೆಂದು ಹೇಳುವ ಮೊದಲೇ ಅವರು ಕೆಲಸ ಏನು ಎಂದು ಕೇಳಿದರು. ಸಾಲುಗಳ ನಡುವೆ ಹುಲ್ಲು ಕತ್ತರಿಸುವುದು, ಕ್ರೇಟ್ ಸಾಗಿಸುವುದು, ಗೊಬ್ಬರ ಎತ್ತಿ ಹಾಕುವುದು ಎಂದೆ. ಒಂದು ಸಾಲಿನ ಕೊನೆಗೆ ಎಷ್ಟು ಸಲ ಹಿಂದೆ ಮುಂದೆ ಮಾಡಿ ತಿರುಗಿಸ್ತೀರಿ ಎಂದರು. ಮೂರು ಸಲ ಎಂದೆ. ಸಾಲೆಷ್ಟು? ಅರವತ್ತೆರಡು. ಅಜ್ಜ ಬೆರಳು ಮಡಚಿ, “ಅಂದ್ರೆ ದಿನಕ್ಕೆ ಇನ್ನೂರು ಸಲ ಕ್ಲಚ್ ತುಳೀಬೇಕು ಯಜಮಾನ್ರೇ. ನೇಗಿಲು ಹೂಡೋರಿಗೆ ಗೇರೇ ಸರಿ. ನಿಮ್ಮ ಕೆಲಸಕ್ಕೆ ಪೆಡಲೇ ಸರಿ” ಎಂದರು. ಕಾಲಿನ ಮುಂಭಾಗ ಒತ್ತಿದರೆ ಮುಂದೆ, ಹಿಮ್ಮಡಿ ಒತ್ತಿದರೆ ಹಿಂದೆ, ಕಾಲೆತ್ತಿದರೆ ನಿಂತಿತು ಎಂದು ವಿವರಿಸಿದರು. ನಾನು ಕೇಳಬೇಕಲ್ಲ. ಎದೆ ಮುಂದೆ ಮಾಡಿ, ನಲವತ್ತು ವರ್ಷ ಗೇರು ಹಾಕಿದ ಕೈಯಿದು, ತೆಗೀರಿ ಗೇರ್ ಗಾಡಿ ಎಂದು ಅಂಗಳವೆಲ್ಲ ತಿರುಗಿ ನೋಡುವಂತೆ ಹೇಳಿದೆ.

ಅಜ್ಜ ನಿನ್ನ ಅತ್ತಿಗೆಯ ಕಡೆ ಒಮ್ಮೆ ನೋಡಿದರು. ಆಗ ಅದರ ಅರ್ಥ ನನಗೆ ಆಗಲಿಲ್ಲ.

ಗಾಡಿ ತೆಗೆದೆ. ಏರು ಹತ್ತಿಸಿದೆ, ಒಂದನೇ ಗೇರಿನಲ್ಲಿ, ಕುದುರೆಯ ಹಾಗೆ ಹತ್ತಿತು. ಅರ್ಧದಲ್ಲಿ ನಿಲ್ಲಿಸಿ ಎಂದರು. ನಿಲ್ಲಿಸಿದೆ. ಎಂಜಿನ್ ಆರಿಸಿ, ನಿಮ್ಮ ತೋಟದಲ್ಲಿ ಹೇಗೆ ಇಳೀತೀರೋ ಹಾಗೇ ಇಳಿಯಿರಿ ಎಂದರು. ಇದೇನು ಮಹಾ ಪರೀಕ್ಷೆ ಎಂದುಕೊಂಡು, ಆರಿಸಿ, ಟಣ್ಣನೆ ನೆಲಕ್ಕೆ ಹಾರಿದೆ. ಬೆನ್ನು ತಿರುಗಿಸಿ ಎರಡು ಹೆಜ್ಜೆ ಇಟ್ಟಿದ್ದೇನೆ, ಹಿಂದಿನಿಂದ ಟಯರು ಸಿಮೆಂಟನ್ನು ಒತ್ತುವ ಸದ್ದು. ತಿರುಗಿದರೆ ಗಾಡಿ ಹಿಂದಕ್ಕೆ ಉರುಳುತ್ತಿದೆ. ಖಾಲಿ ಸೀಟು, ತಾನಾಗಿ ತಿರುಗುವ ಚಕ್ರ. ಮೂರು ಮೊಳ ಬಂದು ದಬ್ಬನೆ ನಿಂತಿತು. ಗ್ರೀಸಜ್ಜ ಮರದ ದಪ್ಪ ಬೆಣೆಯೊಂದನ್ನು ಮೊದಲೇ ಕೆಳಗೆ ಇಟ್ಟುಕೊಂಡು ಕಾದಿದ್ದರು.

“ಗೇರಲ್ಲೇ ಬಿಟ್ಟು ಇಳಿದಿದ್ರೆ ನಿಲ್ತಿತ್ತು ಯಜಮಾನ್ರೇ. ನ್ಯೂಟ್ರಲ್ಲಿಗೆ ಯಾಕೆ ತಂದ್ರಿ?”

ನಾನು ತರಲಿಲ್ಲ ಎಂದೆ. ಗೇರಿನ ಸನ್ನೆಯನ್ನು ಮುಟ್ಟಲೇ ಇಲ್ಲ ಎಂದೆ. ಕೋಪ ನೆತ್ತಿಗೇರಿತು. ನಿಮ್ಮ ಗಾಡಿಯ ಗೇರೇ ಜಾರುತ್ತೆ, ಹೊಸ ಗಾಡಿ ಅಂತ ಗುಜರಿ ತೋರಿಸ್ತೀರಾ ಎಂದು ಕೂಗಾಡಿದೆ. ಗಾಜಿನ ಕೋಣೆಯೊಳಗಿನ ಜನ ಎದ್ದು ನಿಂತರು. ಅಜ್ಜ ಒಂದಿಷ್ಟೂ ಬೇಸರಪಡದೆ ಇನ್ನೊಂದು ಸಲ ಮಾಡಿ ಎಂದರು. ಮಾಡಿದೆ. ಮತ್ತೆ ಉರುಳಿತು. ಮತ್ತೆ ಬೆಣೆಗೆ ತಾಗಿ ನಿಂತಿತು. ಮತ್ತೆ ಆಣೆ ಹಾಕಿದೆ. ಮೂರನೇ ಸಲ, ಈ ಸಾರಿ ನಿಮ್ಮ ಕೈಯನ್ನೇ ನೋಡಿಕೊಳ್ಳಿ ಎಂದರು.

ನೋಡಿಕೊಂಡೆ, ತಮ್ಮಾ. ಬೀಗದ ಕೈ ತಿರುಗಿಸಿದ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ಸನ್ನೆಯ ಗುಂಡನ್ನು ಹಿಡಿದು ಮೆಲ್ಲಗೆ ನಡುವಿಗೆ ಎಳೆಯಿತು. ಮುಖ ಒರೆಸಿಕೊಂಡಷ್ಟು ಸಹಜವಾಗಿ. ಅದು ನನ್ನ ಕೈ. ನನ್ನದೇ ಉಂಗುರ, ನನ್ನದೇ ಸುಟ್ಟ ಕಲೆ. ಆದರೆ ಅದನ್ನು ನಾನು ಹಿಂದೆಂದೂ ನೋಡಿಯೇ ಇರಲಿಲ್ಲ.

ನಿನಗೆ ಇದರ ಮೂಲ ಗೊತ್ತು. ನಮ್ಮ ಹಳೇ ಗಾಡಿ ಗೇರಿನಲ್ಲಿದ್ದಾಗಲೂ ಚಾಲೂ ಆಗಿ ಮುಂದಕ್ಕೆ ನೆಗೆಯುತ್ತಿತ್ತು. ಹಾಗೆ ನೆಗೆದು ಒಂದು ಸಲ ಕೊಟ್ಟಿಗೆಯ ಗೋಡೆ ಬಿದ್ದ ಮೇಲೆ ಅಪ್ಪ ನನಗೆ ಕತ್ತಿನ ಹಿಂದೆ ಹೊಡೆದು ಹೊಡೆದು ಕಲಿಸಿದ್ದು ಒಂದೇ ಪಾಠ. ಇಳಿಯುವ ಮೊದಲು ನ್ಯೂಟ್ರಲ್, ಇಳಿದ ಮೇಲೆ ಚಕ್ರಕ್ಕೆ ಕಲ್ಲು. ಬ್ರೇಕಿನ ಕೊಂಡಿ ಮುರಿದದ್ದು ಮುರಿದೇ ಇತ್ತಲ್ಲ. ನೀನು ಅಪ್ಪನ ಕೈಯಲ್ಲಿ ಕಲಿಯಲಿಲ್ಲ, ಗ್ರೀಸಜ್ಜನ ಹತ್ತಿರ ಕಲಿತೆ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಇಳಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ ಎಂಬುದು ಅವರ ಪಾಠ. ಒಂದೇ ಗಾಡಿ, ಇಬ್ಬರು ಅಣ್ಣತಮ್ಮಂದಿರು, ಎರಡು ಪದ್ಧತಿ. ನೀನು ಗೇರಿನಲ್ಲಿ ಬಿಟ್ಟದ್ದಕ್ಕೆ ನಾನು ಬೈಯುವುದು, ನಾನು ಕಲ್ಲು ಹುಡುಕುವುದಕ್ಕೆ ನೀನು ನಗುವುದು. ಎಷ್ಟು ವರ್ಷ.

ಗಾಡಿಯಿಂದ ಇಳಿಯಲು ಆಗಲಿಲ್ಲ. ಸೀಟಿನ ಮೇಲೆಯೇ ಕೂತಿದ್ದೆ. ನಿನ್ನ ಅತ್ತಿಗೆ ಏರಿನ ಪಕ್ಕಕ್ಕೆ ಬಂದು ನಿಂತು, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು. “ಆವತ್ತು ಹಗ್ಗ ತಗೊಳ್ಳೋಕೆ ನೀವು ಗಾಡಿ ಹತ್ತಿದ್ರಿ.”

ಹತ್ತಿದ್ದೆ.

ಹತ್ತಿದ್ದೆ, ತಮ್ಮಾ. ನೀನು ಗಾಡಿಯನ್ನು ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿ, ಹಿಂದೆ ಟ್ರೈಲರಿಗೆ ನಿಂಬೆಯ ಕ್ರೇಟ್ ಏರಿಸುತ್ತಿದ್ದೆ. ಪಂಪಿನ ಪೈಪು ಕಟ್ಟಲು ಹಗ್ಗ ಬೇಕಿತ್ತು. ಹಗ್ಗ ಸೀಟಿನ ಹಿಂದಿನ ಡಬ್ಬಿಯಲ್ಲಿತ್ತು. ಹತ್ತಿದೆ, ಸೀಟಿನಲ್ಲಿ ಒಂದು ಗಳಿಗೆ ಕೂತು ಡಬ್ಬಿ ತಡಕಿದೆ, ಹಗ್ಗ ಎಳೆದುಕೊಂಡೆ, ಆ ಕಡೆಯಿಂದ ಇಳಿದು ಪಂಪಿನ ಕಡೆಗೆ ನಡೆದೆ. ಇಷ್ಟೂ ನನಗೆ ಯಾವತ್ತೂ ನೆನಪಿತ್ತು. ನೆನಪಿನಲ್ಲಿ ಇಲ್ಲದ್ದು ಕೈ ಒಂದೇ. ಇಳಿಯುವ ಮೊದಲು ಅದು ಮಾಡಿದ ಕೆಲಸ. ಚಕ್ರದ ಹಿಂದೆ ಯಾವುದೋ ಮಣ್ಣಿನ ಹೆಂಟೆ ಇದ್ದಿರಬೇಕು. ನೀನು ಇನ್ನೆರಡು ಕ್ರೇಟ್ ಏರಿಸುವವರೆಗೆ ಅದು ತಡೆದಿತ್ತು.

ನಿನ್ನ ಕೂಗು ಕೇಳಿ ನಾನು ಓಡಿ ಬಂದಾಗ ಟ್ರೈಲರಿನ ಚಕ್ರ ನಿನ್ನ ಮೊಣಕಾಲಿನ ಮೇಲಿತ್ತು. ಗಾಡಿ ಎತ್ತುವ ಮೊದಲು ನಾನು ನೋಡಿದ್ದು ಸನ್ನೆಯನ್ನು. ನ್ಯೂಟ್ರಲ್ಲಿನಲ್ಲಿತ್ತು. ಕಲ್ಲು ಇರಲಿಲ್ಲ. ನೀನು ಹಲ್ಲು ಕಚ್ಚಿಕೊಂಡು, “ಗೇರಲ್ಲೇ ಇತ್ತು ಅಣ್ಣ” ಎಂದೆ. ಒಂದೇ ಸಲ ಎಂದೆ. ನಾನು ಆ ಸ್ಥಿತಿಯಲ್ಲೂ ನಿನ್ನನ್ನು ಗದರಿದೆ. ಸನ್ನೆ ಕಣ್ಣೆದುರಿಗೇ ಇದೆ, ಸುಳ್ಳು ಹೇಳಬೇಡ ಎಂದೆ. ಆಮೇಲೆ ನೀನು ಆ ಮಾತನ್ನು ಇವತ್ತಿನವರೆಗೆ ಎತ್ತಲಿಲ್ಲ. ನಾನು ಅದನ್ನು ನಿನ್ನ ಒಪ್ಪಿಗೆ ಎಂದುಕೊಂಡೆ.

ಸೀಟಿನಿಂದ ಅವಳನ್ನು ಕೇಳಿದೆ, ನಿನಗೆ ಯಾವಾಗ ಗೊತ್ತಾಯಿತು ಎಂದು. ಅವಳು ಕಣ್ಣು ತಗ್ಗಿಸಲಿಲ್ಲ. ನೀನು ಆಸ್ಪತ್ರೆಯ ಮಂಚದ ಮೇಲೆ ಮೂರನೇ ದಿನ ಅವಳಿಗೆ ಹೇಳಿದ್ದೆಯಂತೆ. “ಅಣ್ಣ ಹತ್ತಿ ಇಳಿದಿದ್ದು ನಾನು ನೋಡ್ದೆ ಅತ್ತಿಗೆ. ಅವನಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಗೊತ್ತಾದ್ರೆ ಅವನು ಮತ್ತೆ ಟ್ರಾಕ್ಟರ್ ಮುಟ್ಟಲ್ಲ. ನಾನಂತೂ ಮುಟ್ಟೋ ಹಾಗಿಲ್ಲ. ತೋಟ ನೋಡೋರ್ಯಾರು?” ಅವಳು ನಿನಗೆ ಮಾತು ಕೊಟ್ಟಳು. ಹನ್ನೊಂದು ವರ್ಷ ಆ ಮಾತನ್ನು ಕಾಪಾಡಿದಳು. ದಿನಾ ನಾನು ಗಾಡಿ ನಿಲ್ಲಿಸಿ ಇಳಿಯುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ, ಆ ಕೈ ದಿನಾ ಅದನ್ನೇ ಮಾಡುವುದನ್ನು ನೋಡುತ್ತಾ.

ಮತ್ತೆ ಈಗ ಯಾಕೆ ಎಂದೆ.

“ಅವನ ಪತ್ರಕ್ಕೆ ನೀವು ಉತ್ತರ ಬರೀಲಿಲ್ಲ ನೋಡಿ, ಅದಕ್ಕೆ. ನಾನಾಗಿ ಹೇಳಿದ್ರೆ ನೀವು ನಂಬ್ತಿರಲಿಲ್ಲ. ನಿಮ್ಮ ಗಂಟಲ ಮುಂದೆ ನನ್ನದು ಎಲ್ಲಿ ನಡೆಯುತ್ತೆ? ನಿಮ್ಮ ಕೈನೇ ಹೇಳಲಿ ಅಂತ ಅಜ್ಜನ ಹತ್ತಿರ ಬಂದು ಬೇಡ್ಕೊಂಡೆ.”

ಏರಿನ ಪರೀಕ್ಷೆಯೂ ಅವಳದೇ, ಬೆಣೆಯೂ ಅವಳದೇ ಏರ್ಪಾಟು. ನಾನು ದಾರಿಯುದ್ದಕ್ಕೂ ಒಬ್ಬನೇ ಮಾತಾಡಿಕೊಂಡು ಬಂದೆನಲ್ಲ, ಆಗ ಅವಳ ತಲೆಯಲ್ಲಿ ಇದೆಲ್ಲ ನಡೆದಿತ್ತು. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸನ್ನು ಅಂಗಳದಲ್ಲಿ ಹೊಸದಾಗಿ ನೋಡಿದ ಹಾಗಾಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗ್ರೀಸಜ್ಜ ಒಂದು ಲೋಟ ನೀರು ತಂದು ಮಡ್‌ಗಾರ್ಡಿನ ಮೇಲಿಟ್ಟು, ತಾವು ಏನನ್ನೂ ಕೇಳಿಸಿಕೊಂಡಿಲ್ಲವೆಂಬ ಹಾಗೆ ಬೇರೆ ಗಾಡಿಯ ಟಯರು ಒತ್ತಿ ನೋಡುತ್ತಾ ನಿಂತರು. ಆ ನೀರು ಹಾಗೇ ಇತ್ತು. ಕುಡಿಯಲಿಲ್ಲ.

ಆಮೇಲೆ ಇಳಿದೆ. ಇಳಿಯುವಾಗ ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು ಇಳಿದೆ. ನಗಬೇಡ, ನಿಜ.

ಪೆಡಲ್ ಗಾಡಿ ಗೊತ್ತು ಮಾಡಿ ಬಂದಿದ್ದೇನೆ. ನಿನ್ನ ಕಾಲಿನ ಲೆಕ್ಕದಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಂಡೆ, ಮುಟ್ಟಿ ಮುಟ್ಟಿ ನೋಡಿದೆ. ಮುಂದೆ ಹಿಂದೆ ಎರಡೂ ಬಲಗಾಲಿನದೇ. ಹೆಚ್ಚು ಕಡಿಮೆ ವೇಗಕ್ಕೆ ಕೈಯಲ್ಲಿ ಹಿಡಿಯುವ ಒಂದು ಸನ್ನೆ ಇದೆ, ಗಾಡಿ ನಿಂತಾಗ ಮಾತ್ರ ಅದನ್ನು ಬದಲಿಸಬೇಕು. ಬ್ರೇಕ್ ಎಡಗಾಲಿಗಿದೆ, ಅದೊಂದು ತೊಡಕು. ಅಜ್ಜ ಅದನ್ನು ಕೈಗೆ ಸಿಗುವ ಹಾಗೆ ಒಂದು ಉದ್ದನೆಯ ಹಿಡಿ ಬೆಸೆದು ಕೊಡುತ್ತಾರಂತೆ. ಒಂದು ಮಾತನ್ನು ಮಾತ್ರ ಬೆರಳೆತ್ತಿ ಹೇಳಿದರು. ಪೆಡಲ್ ಗಾಡಿಯೂ ಎಂಜಿನ್ ಆರಿಸಿದ ಮೇಲೆ ಇಳಿಜಾರಿನಲ್ಲಿ ತಾನಾಗಿ ನಿಲ್ಲುತ್ತದೆ ಎಂದು ನಂಬಬಾರದಂತೆ, ಎಣ್ಣೆ ಮೆಲ್ಲಗೆ ಬಿಟ್ಟುಕೊಡುತ್ತದಂತೆ. ಬ್ರೇಕಿನ ಹಿಡಿ ಎಳೆದೇ ಇಳಿಯಬೇಕಂತೆ. ಇಬ್ಬರಿಗೂ ಒಂದೇ ಪಾಠ ಹೇಳಿಕೊಡ್ತೀನಿ, ಇಬ್ಬರೂ ಒಟ್ಟಿಗೆ ಬನ್ನಿ ಎಂದರು. ಗಾಡಿ ಬರಲು ಮೂರು ವಾರ.

ನಿನ್ನ ಪ್ರಶ್ನೆಗೆ ಉತ್ತರ ಇದು. ಬಂದು ಓಡಿಸಬಹುದಾ ಎಂದು ಕೇಳಿದ್ದೀಯ. ಓಡಿಸಬೇಕಾದವನು ನೀನೇ. ಸೀಟು ನಿನ್ನದು. ಕ್ರೇಟ್ ಏರಿಸುವುದು, ಇಳಿಸುವುದು, ಹಿಂದೆ ನಿಲ್ಲುವುದು ನನ್ನದು. ನೀನು ಬಂದರೆ ಹಾಗೆ. ಬರುವುದಿಲ್ಲ ಎಂದರೆ, ನಿನಗೆ ಬರಲು ಮನಸ್ಸಿಲ್ಲ ಎಂದರೆ, ಅದನ್ನೂ ಬರೆ. ನಾನು ಯಾಕೆ ಎಂದು ಕೇಳುವುದಿಲ್ಲ. ಕೇಳುವ ಹಕ್ಕು ನಿನ್ನೆಗೆ ಮುಗಿಯಿತು.

ಕ್ಷಮಿಸು ಎಂದು ಈ ಪತ್ರದಲ್ಲಿ ಎಲ್ಲಿಯಾದರೂ ಬರೆಯಬೇಕೆಂದು ಮೂರು ಕಡೆ ಜಾಗ ಬಿಟ್ಟಿದ್ದೆ. ಮೂರೂ ಕಡೆ ಆ ಮಾತು ಚಿಕ್ಕದಾಗಿ ಕಂಡಿತು. ನೀನು ಎದುರಿಗೆ ಬಂದಾಗ ನನ್ನ ಬಾಯಿಂದ ಏನು ಬರುತ್ತದೋ ಗೊತ್ತಿಲ್ಲ. ಏನೂ ಬರದೇ ಇದ್ದರೂ, ನಾನು ಸುಮ್ಮನಿರುವುದನ್ನು ನೀನು ಮೊದಲ ಸಲ ನೋಡಿದ ಹಾಗಾಗುತ್ತದೆ.

ನಿನ್ನ ಹೆಂಡತಿಗೆ ಆಶೀರ್ವಾದಗಳು. ಮಗಳಿಗೂ ಅಳಿಯನಿಗೂ ಆಶೀರ್ವಾದಗಳು, ಅವರ ಮಗುವಿಗೆ ಹಲ್ಲು ಬಂತೇ ತಿಳಿಸು. ನಿನಗೆ ನೂರು ವರ್ಷ ಆಯುಸ್ಸು ಇರಲಿ, ಅದಕ್ಕೆ ನನ್ನದರಿಂದ ಹನ್ನೊಂದನ್ನು ಕಳೆದು ದೇವರು ಕೂಡಿಸಲಿ.

ಇತಿ,
ನಿನ್ನ ಅಣ್ಣ

ತಾ. ಕ.: ಪತ್ರ ಅಂಟಿಸಿದ ಮೇಲೆ ಮತ್ತೆ ಒಡೆದಿದ್ದೇನೆ. ನಿನ್ನ ಮಗಳ ಮದುವೆಯ ದಿನ, ಊಟದ ನಂತರ, ಬೀಗರೆಲ್ಲ ಕೂತಿದ್ದಾಗ ಯಾರೋ ನಿನ್ನ ಕಾಲಿಗೆ ಏನಾಯಿತು ಎಂದು ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು ಕಥೆ ಶುರು ಮಾಡಿದೆ. ಪೆದ್ದ ತಮ್ಮನ ಹಾಗೆ ತಲೆ ಕೆರೆದುಕೊಂಡು, ಕಲ್ಲೆಲ್ಲಿ ಕಲ್ಲೆಲ್ಲಿ ಎಂದು ಕುಂಟುತ್ತಾ ಹುಡುಕುವುದನ್ನು ಮಾಡಿ ತೋರಿಸಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನೂ ನಕ್ಕೆ. ಮದುಮಗಳು ಮಾತ್ರ ನಗಲಿಲ್ಲ. ನಿಜವಾಗ್ಲೂ ಕಲ್ಲು ಇಡೋಕೆ ಮರೆತುಬಿಟ್ಟಿದ್ದಾ ಅಪ್ಪ ಎಂದು ನಿನ್ನನ್ನು ಕೇಳಿದಳು. ನೀನು ಅವಳ ತಲೆ ಸವರಿ, “ಹೌದಮ್ಮ, ದೊಡ್ಡಪ್ಪ ಹೇಳೋದು ನಿಜ” ಎಂದೆ. ಆಮೇಲೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಿದ್ದನ್ನು ನೋಡಿ, ಊರುಗೋಲು ಹಿಡಿದು ಎದ್ದು, ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದು ನನಗೆ ನೀರು ಕೊಟ್ಟೆ. ನಾನು ಅದನ್ನು ಕುಡಿದು, ಲೋಟವನ್ನು ನಿನ್ನ ಕೈಗೇ ವಾಪಸು ಕೊಟ್ಟು, ಕಥೆ ಮುಂದುವರಿಸಿದೆ.